ಕಾರಿನ ಕೆಳಗಿನ ತಟ್ಟೆ

ನಾನು ದೆವ್ವ ಭೂತ ನಂಬುವವನಲ್ಲ. ಇದನ್ನು ಹೇಳಲು ನಾಚಿಕೆಯಾಗುವುದು ಬೇರೆಯೇ ಕಾರಣಕ್ಕೆ.

ಮಾವನವರು ತೀರಿಕೊಂಡ ಮೇಲೆ ಅವರ ಹಳೇ ಕಾರನ್ನು ಗುಜರಿಗೆ ಹಾಕಿ, ಅದೇ ಶೆಡ್ಡಿನಲ್ಲಿ ನನ್ನ ಹೊಸ ಎಲೆಕ್ಟ್ರಿಕ್ ಕಾರು ನಿಲ್ಲಿಸಿದೆ. ರಜೆ ಸಿಕ್ಕಾಗಲೆಲ್ಲ ನಾನೇ ನೆಲಕ್ಕೆ ಬಣ್ಣ ಬಳಿದೆ, ಗೋಡೆಗೆ ಹಲಗೆ ಹೊಡೆದೆ. ಹಳೇ ಕಾರಿನಿಂದ ಸೋರುವ ಆಯಿಲ್ ಹಿಡಿಯಲು ಮಾವ ಇಡುತ್ತಿದ್ದ ತಗಡಿನ ತಟ್ಟೆಯನ್ನು, ನೆನಪಿಗಿರಲೆಂದು ಆ ಹಲಗೆಗೆ ತೂಗುಹಾಕಿದೆ.

ಆದರೆ ತಟ್ಟೆ ಮತ್ತೆ ಮತ್ತೆ ಕಾರಿನ ಕೆಳಗೆ ಹೋಗಿರುತ್ತಿತ್ತು. ಅತ್ತೆಯ ಕೆಲಸವೆಂದುಕೊಂಡು ಪ್ರತಿ ಸಲವೂ ಎತ್ತಿ ಮತ್ತೆ ತೂಗುಹಾಕುತ್ತಿದ್ದೆ.

ಭಾನುವಾರ ಮಧ್ಯಾಹ್ನ ಪಕ್ಕದ ಮನೆಯವರು ಕಾರು ನೋಡಲು ಬಂದರು. "ಹೊಗೆ ಇಲ್ಲ, ಆಯಿಲ್ ಇಲ್ಲ, ಸದ್ದೇ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದೆ.

"ಮತ್ತೆ ಆ ತಟ್ಟೆ ಯಾಕ್ರೀ?" ಎಂದರು ಅವರು, ಬಗ್ಗಿ ನೋಡಿ.

ನನಗೆ ಪಿತ್ತ ನೆತ್ತಿಗೇರಿತು. ಅವರೆದುರೇ ಅತ್ತೆಯನ್ನು ಕರೆದು ಕೂಗಾಡಿದೆ. "ಎಷ್ಟು ಸಲ ಎತ್ತಿಡೋದು ನಾನು? ಯಾಕೆ ಇದನ್ನ ಕಾರಿನ ಕೆಳಗೆ ಇಡ್ತೀರಿ?"

ಅತ್ತೆ ಬಾಗಿಲು ಹಿಡಿದು ನಿಂತರು. "ನಂಗೆ ಬಗ್ಗೋಕಾದ್ರೂ ಆಗುತ್ತೇನಪ್ಪ?" ಎಂದರು ಮೆಲ್ಲಗೆ.

ಅವರ ನೋವಿನ ಮಂಡಿಗಳಿಗೆ ಮುಲಾಮು ತಂದುಕೊಡುವವನು ನಾನೇ.

ತಲೆ ಎತ್ತಲಾಗದೆ ನೆಲದ ಮೇಲೆ ಮಲಗಿ ತಟ್ಟೆಗೆ ಕೈ ಚಾಚಿದೆ. ಅವತ್ತು ಕಾರನ್ನು ಹೊರಗೆ ತೆಗೆದೇ ಇರಲಿಲ್ಲ. ಆದರೂ ಮೇಲೆಲ್ಲೋ, ಕಾದ ಎಂಜಿನ್ ಆರುವಾಗ ಬರುವಂಥ ಟಿಕ್ ಟಿಕ್ ಸದ್ದು. ತಟ್ಟೆಯಲ್ಲಿ ಕಪ್ಪು ಆಯಿಲ್ ಇತ್ತು. ಬೆರಳು ಸುಟ್ಟಿತು.

ಅತ್ತೆಯ ಮುಂದೆ ತಪ್ಪಾಯಿತು ಎನ್ನಲು ಇವತ್ತಿಗೂ ನಾಲಿಗೆ ಹೊರಳಿಲ್ಲ. ತಟ್ಟೆಯನ್ನು ಈಗ ನಾನೇ ಇಡುತ್ತೇನೆ. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಚೆಲ್ಲಿ ಬರುವವನೂ ನಾನೇ.