ಗುತ್ತಿಗಾರಿನ ಆನೆ ದಾರಿಗೆ ಎರಡು ಸ್ಟಾರ್

"ನನ್ನ ಮ್ಯಾಪಿಗೆ ಎರಡು ಸ್ಟಾರ್ ಕೊಟ್ಟದ್ದು ಯಾರು?"

ನಿಖಿತಾಳ ಸ್ವರಕ್ಕೆ ಪುತ್ತೂರಿನ ಆ ಗೇಮಿಂಗ್ ಸೆಂಟರಿನಲ್ಲಿದ್ದವರೆಲ್ಲ ತಿರುಗಿದರು.

ಮೂಲೆಯಿಂದ ಒಬ್ಬ ಎದ್ದ. "ನಾನು... ಕೌಶಲ್. ಕಬಕದ."

ದೇವರೇ... ಇವನಾ!

ಗೇಮಿಗೆ ತಾವೇ ಮ್ಯಾಪ್ ಮಾಡಿ ಹಾಕುವ ಊರಿನ ಹುಡುಗ ಹುಡುಗಿಯರ ಗುಂಪು ಅದು. ಆ ಗುಂಪಿನಲ್ಲೇ ಪರಿಚಯವಾಗಿ, ತಿಂಗಳುಗಟ್ಟಲೆ ಮೆಸೇಜ್ ಮಾಡಿ, ಅವಳ ನಿದ್ದೆ ಕದ್ದವನು ಈ ಕೌಶಲ್. ಇವತ್ತು ಮೊದಲ ಸಲ ಮುಖ ನೋಡುವುದೆಂದು ಬೆಳಿಗ್ಗೆಯಿಂದ ಅವಳ ಕೈಕಾಲು ನಿಂತಲ್ಲಿ ನಿಂತಿರಲಿಲ್ಲ.

ಗುಂಪಿನಲ್ಲಿ ಸ್ಟಾರ್ ಕೊಟ್ಟವರ ಹೆಸರು ಕಾಣುವುದಿಲ್ಲ. ಕಾರಣವನ್ನೂ ಯಾರೂ ಬರೆಯುವುದಿಲ್ಲ. ಹಾಗಾಗಿ ಅವಳಿಗೆ ಇದು ಗೊತ್ತೇ ಇರಲಿಲ್ಲ.

"ನನ್ನ ಹತ್ರ ಸಿಹಿ ಮಾತು, ಹಿಂದಿನಿಂದ ಎರಡು ಸ್ಟಾರ್. ಒಳ್ಳೆದುಂಟು ನಿಮ್ಮದು!"

'ನೀನು' ಹೋಗಿ 'ನೀವು' ಬಂದದ್ದು ಅವನಿಗೆ ತಾಗಿತು.

"ಹೇಳಿದ್ರೆ ನಿನಗೆ ಬೇಜಾರಾಗ್ತದೆ ಅಂತ ಹೆದರಿದೆ. ಐದು ಕೊಟ್ಟು ಸುಳ್ಳು ಹೇಳ್ಲಿಕ್ಕೂ ಮನಸ್ಸು ಬರ್ಲಿಲ್ಲ."

"ಬೇಡ. ಮ್ಯಾಪ್ ಅಳಿಸ್ತೇನೆ. ಗುಂಪೂ ಬಿಡ್ತೇನೆ."

ಗುಂಪು ನಡೆಸುವ ಫೌಝಿಯಾ ನಡುವೆ ಬಂದಳು. "ಅಳಿಸುದಾದ್ರೆ ಆಮೇಲೆ ಅಳಿಸು ಮಾರಾಯ್ತಿ. ಈ ಸ್ಟಾರಿನ ಪಂಚಾತಿಕೆ ನನಗೂ ಸಾಕಾಗಿದೆ. ಇವತ್ತು ಬೇರೆ ಥರ ಮಾಡುವ. ಕೌಶಲ್ ಆಡ್ಬೇಕು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಆಡ್ಬೇಕು. ನೀನು ಹಿಂದೆ ಕೂತ್ಕೊಳ್ಬೇಕು. ಆಟ ಮುಗಿವವರೆಗೆ ಒಂದಕ್ಷರ ಮಾತಾಡ್ಬಾರ್ದು!"

"ಬಾಯಿ ಮುಚ್ಚಿ ಕೂತ್ಕೊಳ್ಳುದಾ? ನಾನಾ?"

"ಅದೇ ನನಗೂ ಹೆದರಿಕೆ" ಎಂದಳು ಫೌಝಿಯಾ. ಯಾರೋ ಕಿಸಕ್ಕೆಂದರು.

ನಿಖಿತಾ ಕೂತಳು. ಕಾಲು ಅಲ್ಲಾಡುತ್ತಲೇ ಇತ್ತು.

ಪರದೆಯ ಮೇಲೆ ಅವಳ ಊರು ಗುತ್ತಿಗಾರು ತೆರೆದುಕೊಂಡಿತು. ಕಾಡಿನ ಅಂಚು, ಮುಸ್ಸಂಜೆ. ಆನೆಗೆ ಸಿಗದೆ ಮನೆ ಸೇರಬೇಕು, ಅಷ್ಟೇ ಆಟ.

"ಚಂದ ಉಂಟು... ಈ ತೋಡಿನ ನೀರು, ದಾಟ್ಲಿಕ್ಕೆ ಈ ಮರದ ಸಂಕ... ಇಲ್ಲೇ ನಿಲ್ಲುವ ಅಂತ ಆಗ್ತದೆ" ಎನ್ನುತ್ತಾ ಅವನು ನಡೆದ.

ಚಟ್... ಚಟಚಟ...

"ಇದೊಂದು ಶಬ್ದ ಬರ್ತದೆ. ಯಾರೋ ಸೌದೆ ಒಡೀತಾ ಇದ್ದಾರೆ. ಹಾಗಾದ್ರೆ ಜನ ಇದ್ದಾರೆ, ಧೈರ್ಯ." ಅವನು ನೇರ ಅದರ ಕಡೆಗೇ ನಡೆದ!

ಅಯ್ಯೋ! ಅದು ಸೌದೆ ಅಲ್ಲ... ಆನೆ ತಿನ್ನಲಿಕ್ಕೆಂದು ಬೈನೆ ಮರ ಸೀಳುವ ಶಬ್ದ!

ನಿಖಿತಾ ತುಟಿ ಕಚ್ಚಿದಳು. ಗುತ್ತಿಗಾರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ಶಬ್ದ. ಕಬಕದವನಿಗೆ ಹೇಗೆ ಗೊತ್ತಿರಬೇಕು? ಎಲ್ಲಿಯೂ ತಿಳಿಸಿಯೇ ಇಲ್ಲವಲ್ಲ ತಾನು!

"ಇಲ್ಲಿ ಪ್ರತಿ ಸಲ ಸಾಯ್ತೇನೆ. ಆನೆ ಎಲ್ಲಿಂದ ಬರ್ತದೆ ಅಂತ ಗೊತ್ತಾಗುದಿಲ್ಲ. ಅದಕ್ಕೇ ಎರಡು ಸ್ಟಾರ್. ಆದ್ರೂ ದಿನಾ ಬರ್ತೇನೆ... ಅವಳು ಹುಟ್ಟಿದ ಊರಲ್ವಾ ಅಂತ."

ಅವನು ಮೌಸಿನಿಂದ ಕೈ ತೆಗೆದ. ಪುರಾಣ ಓದುವವರು ಪದ್ಯ ಮುಗಿಸಿ, ಅರ್ಥಕ್ಕೆ ಮೊದಲು ಒಂದು ಉಸಿರು ತಡೆಯುತ್ತಾರಲ್ಲ, ಹಾಗೆ ತಡೆದ.

"ಮನಸ್ಸಿಗೆ ಬಂದದ್ದನ್ನೆಲ್ಲ ಹೇಳ್ಬೇಕಲ್ವಾ? ಹೇಳ್ತೇನೆ. ನನಗೀಗ ಆನೆಯ ಹೆದರಿಕೆ ಇಲ್ಲ. ಹಿಂದೆ ಕೂತವಳು ಎದ್ದು ಹೋದ್ರೆ... ಆ ಹೆದರಿಕೆ. ನನಗೆ ಅವಳೆಂದರೆ ಪ್ರಾಣ."

ನಿಖಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದೇವರೇ, ಈ ಆಟ ಬೇಗ ಮುಗಿಸಪ್ಪಾ...!

ಆನೆ ಘೀಳಿಟ್ಟಿತು. ಪರದೆ ಕಪ್ಪಾಯಿತು. ಅವನು ತಿರುಗಲಿಲ್ಲ.

"ತಪ್ಪು ನನ್ನದು" ಎಂದಳು ನಿಖಿತಾ, ಅಳುತ್ತಾ, ನಗುತ್ತಾ. "ಆ ಶಬ್ದ ಎಂತದ್ದು ಅಂತ ಮೊದಲೇ ತೋರಿಸ್ಬೇಕಿತ್ತು. ಅಳಿಸುದಿಲ್ಲ, ಸರಿ ಮಾಡ್ತೇನೆ."

"ಮತ್ತೆ... ನಾನು ಕೊನೆಗೆ ಹೇಳಿದ್ದು?"

ಅವಳು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು.

"ಅದರಲ್ಲಿ ಸರಿ ಮಾಡ್ಲಿಕ್ಕೆ ಎಂತದೂ ಇಲ್ಲ ಮಾರಾಯ. ನೀನು ಹೇಳಿದ ಹಾಗೇ ಇರ್ಲಿ."