ಭಾವ ಹುಡುಕಿಕೊಟ್ಟ ಸೋರಿಕೆ

ಸೋರಿಕೆ ಹುಡುಕುವ ಕೆಲಸ ನನಗೆ ಕಲಿಸಿದವರು ನನ್ನ ಅಕ್ಕನ ಗಂಡ. ಲಸಿಕೆ ಒಣಗಿಸುವ ಉಕ್ಕಿನ ತೊಟ್ಟಿಯಿಂದ ಪಂಪು ಗಾಳಿಯನ್ನೆಲ್ಲ ಹೀರಿದ ಮೇಲೆ, ಹೊರಗಿನಿಂದ ಸಂದುಸಂದಿಗೂ ಹೀಲಿಯಂ ಊದಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಒಳಗೆ ನುಸುಳುತ್ತದೆ. ತೊಟ್ಟಿಗೆ ಜೋಡಿಸಿರುವ, ಹೀಲಿಯಂ ಒಂದನ್ನೇ ಗುರುತಿಸುವ ಯಂತ್ರ ಆಗ ಕಿರುಚುತ್ತದೆ.

"ಇದರ ಮೂಗು ನಿಮ್ಮಕ್ಕನ ಮೂಗಿಗಿಂತ ಚುರುಕು ಕಣೇ. ಮಗೂನ ಗಾಯಕ್ಕೆ ಊದೋ ಹಾಗೆ ಮೆತ್ತಗೆ ಊದು ಸಾಕು," ಎನ್ನುತ್ತಿದ್ದರು ಭಾವ.

ಅವರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ನಾನು ಮೊದಲ ಸಲ ಒಬ್ಬಳೇ ಆ ಕೆಲಸಕ್ಕೆ ನಿಂತೆ. ಮರುದಿನವೇ ಮಕ್ಕಳ ಲಸಿಕೆ ಆ ತೊಟ್ಟಿಗೆ ಹೋಗುವುದಿತ್ತು. ನಾನಿನ್ನೂ ಗೋಡೆಯಾಚೆಯ ಸಿಲಿಂಡರಿನಿಂದ ಬರುವ ಹೀಲಿಯಂ ಕೊಳವೆಯನ್ನು ಕೈಗೆತ್ತಿಕೊಂಡಿರಲಿಲ್ಲ, ಅಷ್ಟರಲ್ಲಿ ಯಂತ್ರ ಕಿರುಚಿತು.

ತೊಟ್ಟಿಯ ಬಾಗಿಲ ಸಂದಿನುದ್ದಕ್ಕೂ ಕೈಯಾಡಿಸುತ್ತ ಕೆಳಮೂಲೆಗೆ ಬಗ್ಗಿದೆ. ಬಿರುಕಿದ್ದರೆ ಅದು ಗಾಳಿಯನ್ನು ಒಳಗೆಳೆಯಬೇಕು. ಆದರೆ ನನ್ನ ಹೆಗಲ ಹಿಂದಿನಿಂದ ಯಾರೋ ಮೆತ್ತಗೆ ಊದಿದಂತೆ ಮುಂಗೈಗೆ ತಣ್ಣನೆ ಗಾಳಿ ತಾಕುತ್ತಿತ್ತು. ಬೆರಳಿಂದ ಸಂದನ್ನು ಮುಚ್ಚಿದೆ, ಸದ್ದಡಗಿತು. ತೆಗೆದೆ, ಮತ್ತೆ ಕಿರುಚಿತು.

"ಸಿಕ್ತು ಭಾವ," ಎಂದೆ. ಗಾಳಿ ನಿಂತಿತು.

ಬಿಚ್ಚಿ ನೋಡಿದರೆ ಬಾಗಿಲ ರಬ್ಬರ್ ಪಟ್ಟಿ ಅಲ್ಲೇ ಸೀಳಿತ್ತು. ಹೊಸದನ್ನು ಕೂರಿಸುತ್ತಿದ್ದಾಗ ಉಗ್ರಾಣದವನು ತಳ್ಳುಗಾಡಿ ನೂಕಿಕೊಂಡು ಬಂದ.

"ಬೈಬೇಡಿ ಅಕ್ಕಾ, ಹೀಲಿಯಂ ಸಿಲಿಂಡರ್ ಈಗಷ್ಟೇ ಬಂತು. ಗೋಡೆ ಆಚೆ ಇದ್ದ ಹಳೇದು ಖಾಲಿ ಅಂತ ನಿನ್ನೆನೇ ವಾಪಸ್ ಕಳಿಸಿಬಿಟ್ಟಿದ್ದೆ."