ನಾವು ಹೊರಗೆ ಬಂದ್ವಿ

ಬಾಗಿಲು ತೆರೆದವಳ ಎದೆ ಧಸಕ್ಕೆಂದಿತು!

ಹೊಸ್ತಿಲಾಚೆ ಅವನು... ಜಗಳವಾಡಿ ಮನೆ ಬಿಟ್ಟು ವರ್ಷವಾಗಿದ್ದ ಗಂಡ. ಊರಿನ ಆ ತುದಿಯ ಶಾಲೆಯಲ್ಲಿ ವ್ಯಾಕರಣ ಕಲಿಸುವ ಮೇಷ್ಟ್ರು.

"ಮನೆ ಪಾಲಿಸೀಲಿ ನನ್ನ ಹೆಸರೂ ಇದೆ. ಬೆಂಕಿ ಬಿದ್ದಿದ್ದರ ಬಗ್ಗೆ ನಾಳೆ ಇನ್ಶೂರೆನ್ಸ್‌ನೋರು ನಿನ್ನನ್ನ ವಿಚಾರಿಸೋಕೆ ಬರ್ತಾರಂತೆ. ಉತ್ತರ ತಡವರಿಸಿದ್ರೆ ಕ್ಲೇಮು ಗೋವಿಂದ! ಒಂದ್ಸಲ ರೂಢಿ ಮಾಡಿಸಿ ಹೋಗ್ತೀನಿ. ಆಮೇಲೆ ನಿನಗೆ ತೊಂದ್ರೆ ಕೊಡಲ್ಲ."

'ಆಮೇಲೆ ಬರೋದೇ ಇಲ್ವಾ?' ಎಂದು ಕೇಳಬೇಕೆನಿಸಿತು. ಕೇಳುವುದು ಹೇಗೆ? 'ನೀವಿಲ್ದೇನೂ ಬದುಕ್ತೀನಿ, ಹೋಗ್ರೀ!' ಎಂದು ಸಿಟ್ಟಿನಲ್ಲಿ ಅಂದವಳು ತಾನೇ ಅಲ್ಲವೇ! ಆ ಮಹಾಶಯನೋ, ಅದನ್ನೇ ನಿಜವೆಂದು ನಂಬಿ ಹೋಗೇಬಿಟ್ಟಿದ್ದ.

ನಡುಮಧ್ಯಾಹ್ನವಾದರೂ ಒಳಗೆ ಕತ್ತಲೆ. ಗೋಡೆಗಳೆಲ್ಲ ಮಸಿ. ಅವಳ ಹೊಲಿಗೆ ಕೋಣೆಯಿಂದ ಬಟ್ಟೆ ಸುಟ್ಟ ಕಮರು ವಾಸನೆ ಇನ್ನೂ ಬರುತ್ತಿತ್ತು. ಕಂಪನಿಯವರು ಕೈ ಎತ್ತಿಬಿಟ್ಟರೆ ಈ ಮನೆ ಮತ್ತೆ ಮನೆಯಾಗುವಂತಿರಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಅಧಿಕಾರಿಯ ಗತ್ತಿನಲ್ಲಿ ಕುಳಿತ.

"ಬೆಂಕಿ ಬಿದ್ದಾಗ ಏನ್ ಮಾಡ್ತಿದ್ರಿ?"

"ಜ್ವರ ಬಂದಿತ್ತು, ಮಧ್ಯಾಹ್ನ ಮಲಗಿದ್ದೆ. ಪಕ್ಕದ ಕೋಣೇಲಿ ಫ್ಯಾನಿನ ವೈರ್ ಹತ್ಕೊಂಡಿದೆ. ಎಚ್ಚರ ಆದಾಗ ಬರೀ ಹೊಗೆ... ಗೋಡೆ ಹಿಡ್ಕೊಂಡು ಹೊರಗೆ ಬಂದ್ವಿ."

"ಬಂದ್ವಿ?"

"ಅಯ್ಯೋ, ಬಂದೆ."

"ಸರಿಯಾಗಿ ಹೇಳು."

"ಗೋಡೆ ಹಿಡ್ಕೊಂಡು... ಹೊರಗೆ ಬಂದ್ವಿ."

ನಾಲಿಗೆ ಕಚ್ಚಿಕೊಂಡಳು. ಇನ್ನೊಂದು ಸಲ ಹೇಳಿದರೂ ಅದೇ!

ಅವನ ಮುಖ ಸಪ್ಪಗಾಯಿತು. "ಒಬ್ಳೇ ಇದ್ದೆ ಅಂತ ಅವರಿಗೆ ಹೇಳಿದ್ದೀಯ. ಬಾಯಲ್ಲಿ ನೋಡಿದ್ರೆ ಬಹುವಚನ! ಯಾರಿದ್ರು ಜೊತೇಲಿ?" ಅವನು ಕುರ್ಚಿ ಹಿಂದಕ್ಕೆ ಸರಿಸಿದ. "ಇದ್ರೂ ನಾನು ಕೇಳೋ ಹಾಗಿಲ್ಲ... ಬಿಟ್ಟುಹೋದೋನು ನಾನೇ."

ಛೀ, ಇವರು ಏನಂದುಕೊಂಡುಬಿಟ್ಟರು! ಅವಳ ಕಣ್ಣು ತುಂಬಿ ಬಂತು.

"ಯಾರೋ ನನ್ನ ಮಣಿಕಟ್ಟು ಹಿಡಿದು ಎಳೆದ್ರು ರೀ. ಬೀದಿಗೆ ಬರೋವರೆಗೂ ಬಿಡ್ಲಿಲ್ಲ. ತಿರುಗಿ ನೋಡಿದ್ರೆ ಯಾರೂ ಇಲ್ಲ! ಎಬ್ಬಿಸಿದ ದನಿ ಮಾತ್ರ ಚೆನ್ನಾಗಿ ನೆನಪಿದೆ. 'ಗುಬ್ಬೀ, ಏಳೇ!' ಅಂತ... ಅದು ನಿಮ್ಮ ದನಿ."

ಗುಬ್ಬಿ ಎಂದು ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ.

ಅವನು ಮೆಲ್ಲಗೆ ಎದ್ದು ನಿಂತ.

"ಆವತ್ತು ಮಧ್ಯಾಹ್ನ ಪಾಠ ಮಾಡ್ತಿದ್ದೆ ಕಣೇ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ತು. ತರಗತಿ ಮಧ್ಯೆ ಕಿರುಚಿಬಿಟ್ಟೆ, 'ಗುಬ್ಬೀ, ಏಳೇ!' ಅಂತ. ಮಕ್ಕಳು ಬಿದ್ದು ಬಿದ್ದು ನಕ್ಕುಬಿಟ್ರು. ಈಗ ಇಡೀ ಶಾಲೆಗೆ ನಾನು ಗುಬ್ಬಿ ಮೇಷ್ಟ್ರು!"

ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಮೈ ಜುಮ್ಮೆಂದಿತು. ಸುಟ್ಟ ಕೋಣೆಯಲ್ಲಿ ಹೊಲಿಗೆ ಯಂತ್ರದ ಚಕ್ರ ಕಿರ್ರೆಂದು ಒಂದು ಸುತ್ತು ತಿರುಗಿ ನಿಂತಿತು. ಕಿಟಕಿಗಳೆಲ್ಲ ಮುಚ್ಚಿದ್ದವು.

"ರೀ..." ಎಂದು ಅವನಿಗೆ ಆತುಕೊಂಡಳು. ಅವನ ಕೈ ತಾನಾಗಿಯೇ ಅವಳ ಮಣಿಕಟ್ಟು ಹಿಡಿಯಿತು.

ಅದೇ ಹಿಡಿತ! ಅದೇ ಬೆರಳುಗಳು!

"ಇದೇ ಕೈ ರೀ..." ಎಂದು ಬಿಕ್ಕಿದಳು. "ಜಗಳದ ದಿನ ನಾನು ಹೇಳಿದ್ದು ಸುಳ್ಳು. ನೀವಿಲ್ದೆ ನಂಗೆ ಆಗಲ್ಲ."

"ನಂಗೂ ಅಷ್ಟೇ ಕಣೇ. ಪಾಲಿಸಿ ಬರೀ ನೆಪ. ನಿನ್ನನ್ನ ನೋಡ್ಬೇಕಿತ್ತು."

ಒಳಗಿನ ಕೋಣೆ ಈಗ ಸುಮ್ಮನಿತ್ತು. ಅವನು ಹಿಡಿದ ಕೈ ಬಿಡಲಿಲ್ಲ.

"ನಾಳೆ ಅವ್ರು ಕೇಳಿದ್ರೆ ಏನಂತ ಹೇಳ್ಲಿ?"

"ಏಕವಚನ. ಮನೇಲಿ ನೀನೊಬ್ಳೇ ಇದ್ದಿದ್ದು ನಿಜ ತಾನೇ?"

"ಅವ್ರು ಹೋದ್ಮೇಲೆ?"

"ಬಹುವಚನ, ಗುಬ್ಬಿ."